ಸರ್ ಮಾರ್ಕ್ ಕಬ್ಬನ್ (1785–1861)

ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಹಾಗೂ ಸೊರಬ ತಾಲ್ಲೂಕುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ನಗರ ಪ್ರಾಂತ್ಯಕ್ಕೆ ಸೇರಿದ್ದವು. ಈ ಪ್ರಾಂತ್ಯದ ರೈತರು 1830ರಲ್ಲಿ ಎದ್ದ ದಂಗೆಯು ಸಂಸ್ಥಾನದ ಆಡಳಿತವನ್ನೇ ಬದಲಾಯಿಸಿತು. ಆ ಬದಲಾವಣೆಯ ಹೊಣೆಯನ್ನು 1834ರಿಂದ 1861ರವರೆಗೆ ಹೊತ್ತವರು ಕಮಿಷನರ್ ಮಾರ್ಕ್ ಕಬ್ಬನ್.

ಇವರು ಐಲ್ ಆಫ್ ಮ್ಯಾನ್ ದ್ವೀಪದ ಮಾಗೋಲ್ಡ್ ಎಂಬಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. 1800ರಲ್ಲಿ ಮದರಾಸು ಸೈನ್ಯಕ್ಕೆ ಸೇರಿ ಭಾರತಕ್ಕೆ ಬಂದರು. ಮೈಸೂರಿನ ರೆಸಿಡೆಂಟರಾಗಿದ್ದ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಇವರ ಸೋದರಮಾವ.

ನಗರದ ದಂಗೆಗೆ ಮುಖ್ಯ ಕಾರಣ ಕಂದಾಯ ವಸೂಲಿಯ ಷರತ್ತು ಪದ್ಧತಿ. ಇಂತಿಷ್ಟು ಹಣ ಒಪ್ಪಿಸುವುದಾಗಿ ಕರಾರು ಮಾಡಿಕೊಂಡ ಅಮಲ್ದಾರರು ಅದನ್ನು ತುಂಬಿಸಲು ರೈತರನ್ನು ಹಿಂಡುತ್ತಿದ್ದರು. ನಗರದ ಗಾದಿಗೆ ತಾನೇ ಹಕ್ಕುದಾರನೆಂದು ಸಾರಿಕೊಂಡ ಬೂದಿ ಬಸವಪ್ಪನಿಗೆ ಈ ಅಸಮಾಧಾನವೇ ಬಲವಾಯಿತು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್, ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ವಹಿಸಿಕೊಂಡರು. ದಂಗೆಯ ಕಾರಣಗಳನ್ನು ಪರಿಶೀಲಿಸಿದ ನಾಲ್ವರ ಸಮಿತಿಯಲ್ಲಿ ಕಬ್ಬನ್ ಒಬ್ಬರು. ಅರಸರ ಮೇಲಿನ ದೂರುಗಳು ಉತ್ಪ್ರೇಕ್ಷಿತವೆಂದು ಈ ಸಮಿತಿ 1833ರಲ್ಲಿ ವರದಿ ನೀಡಿತಾದರೂ ಅಧಿಕಾರವು ಅರಸರಿಗೆ ಮರಳಲಿಲ್ಲ.

ಬ್ರಿಟಿಷ್ ಕಮಿಷನ್ನಿನ ಕಾಲದಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದವು. ಮದುವೆ, ಮಗುವಿನ ಜನನ, ನಾಮಕರಣ ಇವೆಲ್ಲಕ್ಕೂ ತೆರಿಗೆಯಿತ್ತು. ನಗರದ ಒಂದು ಸ್ಥಳದಲ್ಲಿ ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ನಡೆದವರೂ ತೆರಿಗೆ ತೆರಬೇಕಾಗಿತ್ತು! ಇಂಥವು ಬಾಯಿಮಾತಿನ ವಸೂಲಿಗಳಲ್ಲ. ಸರ್ಕಾರಿ ಲೆಕ್ಕಪತ್ರಗಳಲ್ಲಿ ಸಂಸ್ಥಾನದ ಆದಾಯವೆಂದೇ ನಮೂದಾಗಿದ್ದವು. ಇದೇ ಅವಧಿಯಲ್ಲಿ ಸುಮಾರು 1,600 ಮೈಲಿ ರಸ್ತೆ ನಿರ್ಮಾಣವಾಯಿತು. ಆದರೆ ಕಬ್ಬನ್ ಅಧಿಕಾರವನ್ನೆಲ್ಲ ತಮ್ಮ ಕೈಯಲ್ಲೇ ಇರಿಸಿಕೊಂಡಿದ್ದರೆಂಬುದನ್ನು ಮರೆಯುವಂತಿಲ್ಲ. ಪ್ರತ್ಯೇಕ ನ್ಯಾಯಾಂಗ ಕಮಿಷನರ್ ನೇಮಕವಾದದ್ದು 1856ರಲ್ಲಿ ಮಾತ್ರ.

1843ರಲ್ಲಿ ರೆಸಿಡೆಂಟ್ ಹುದ್ದೆ ರದ್ದಾದ ಮೇಲೆ ಅರಸರೊಡನೆ ವ್ಯವಹರಿಸುವ ರಾಜತಾಂತ್ರಿಕ ಕಾರ್ಯವೂ ಕಬ್ಬನ್ನರ ಪಾಲಿಗೆ ಬಂದಿತು. ಅಧಿಕಾರ ಕಳೆದುಕೊಂಡ ಅರಸರು, ಅದನ್ನು ನಡೆಸುತ್ತಿದ್ದ ಅಧಿಕಾರಿ ಇಬ್ಬರೂ ಒಂದೇ ಸಂಸ್ಥಾನದಲ್ಲಿದ್ದ ಈ ಸಂಬಂಧ ಸುಲಭದ್ದಾಗಿರಲಿಲ್ಲ. ಆದರೂ 1860ರಲ್ಲಿ ಮೈಸೂರಿನ ಮೇಲ್ವಿಚಾರಣೆಯನ್ನು ಮದರಾಸು ಸರ್ಕಾರಕ್ಕೆ ವರ್ಗಾಯಿಸಲು ಆದೇಶವಾದಾಗ ಇಬ್ಬರೂ ಒಂದೇ ನಿಲುವು ತಳೆದರು. ಅರಸರು ಪ್ರತಿಭಟಿಸಿದರು, ಕಬ್ಬನ್ ರಾಜೀನಾಮೆಗೆ ಮುಂದಾದರು. ವೈಸರಾಯ್ ಕ್ಯಾನಿಂಗ್ ಆದೇಶವನ್ನು ಹಿಂಪಡೆದರು. ಮೈಸೂರು ಪ್ರತ್ಯೇಕ ಸಂಸ್ಥಾನವಾಗಿಯೇ ಉಳಿದು, 1881ರಲ್ಲಿ ಚಾಮರಾಜೇಂದ್ರ ಒಡೆಯರ ಆಡಳಿತಕ್ಕೆ ಮರಳಿತು.

ಕಬ್ಬನ್ ಅದನ್ನು ಕಾಣಲಿಲ್ಲ. ಅವಿವಾಹಿತರಾಗಿದ್ದ ಅವರು ಅರವತ್ತು ವರ್ಷ ತವರಿಗೆ ಹೋಗಿರಲಿಲ್ಲ. ಅನಾರೋಗ್ಯದಿಂದ 1861ರಲ್ಲಿ ನಿವೃತ್ತರಾಗಿ ಹೊರಟವರು ಅದೇ ವರ್ಷ ಏಪ್ರಿಲ್‌ನಲ್ಲಿ ಸೂಯೆಜ್‌ನಲ್ಲಿ ನಿಧನರಾದರು. ಪಾರ್ಥಿವ ಶರೀರವನ್ನು ಮಾಗೋಲ್ಡ್‌ಗೆ ಒಯ್ದು ಸಮಾಧಿ ಮಾಡಲಾಯಿತು.