ಕತ್ತಲಲ್ಲಿ ಕರೆದ ಕಾವ್ಯದೇವತೆ

ಕಾವ್ಯಗಳ ಆರಂಭದಲ್ಲಿ ಬರುವ ಸ್ತುತಿಪದ್ಯಗಳನ್ನು ವಿದ್ಯಾರ್ಥಿದೆಸೆಯಲ್ಲಿ ನಾನು ಓದುತ್ತಲೇ ಇರಲಿಲ್ಲ. ಶಾರದೆಗೋ ಗಣಪತಿಗೋ ಸಲ್ಲುವ ಆ ನಮಸ್ಕಾರ ಬರಿಯ ಸಂಪ್ರದಾಯ, ಕಥೆ ಶುರುವಾಗುವುದು ಆಮೇಲೆ ಎಂದೇ ತಿಳಿದಿದ್ದೆ. ಕೆಲವು ವರ್ಷಗಳ ಹಿಂದೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ವಾರಗಟ್ಟಲೆ ಓದುಬರಹ ನಿಂತು, ಒಂದು ಪತ್ರ ಬರೆಸಲೂ ಮಗಳ ಬಿಡುವಿಗಾಗಿ ಕಾದು ಕುಳಿತಾಗ ಆ ತಿಳಿವಳಿಕೆ ಸಡಿಲವಾಯಿತು. ಆಗ ನೆನಪಾದವನು ಇಂಗ್ಲೆಂಡಿನ ಕವಿ ಜಾನ್ ಮಿಲ್ಟನ್.

1608ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮಿಲ್ಟನ್, ಹೋಮರ್, ವರ್ಜಿಲರ ಸಾಲಿನಲ್ಲಿ ನಿಲ್ಲುವಂಥ ಮಹಾಕಾವ್ಯವನ್ನು ಬರೆಯಬೇಕೆಂದು ತಾರುಣ್ಯದಲ್ಲೇ ಹಂಬಲಿಸಿದ್ದ. ಆದರೆ ಆತನ ನಡುವಯಸ್ಸನ್ನು ರಾಜಕೀಯ ನುಂಗಿತು. 1649ರಲ್ಲಿ ದೊರೆ ಒಂದನೆಯ ಚಾರ್ಲ್ಸ್‌ನ ಶಿರಚ್ಛೇದವಾದಾಗ ಅದನ್ನು ಸಮರ್ಥಿಸಿ ಬರೆದ; ಗಣರಾಜ್ಯದ ವಿದೇಶೀ ಪತ್ರವ್ಯವಹಾರದ ಕಾರ್ಯದರ್ಶಿಯಾದ. 1652ರ ಹೊತ್ತಿಗೆ ದೃಷ್ಟಿ ಪೂರ್ತಿ ಹೋಯಿತು. ಅದೇ ವರ್ಷ ಹೆಂಡತಿ ಮತ್ತು ಒಬ್ಬನೇ ಮಗ ತೀರಿಕೊಂಡರು. 1658ರಲ್ಲಿ ಎರಡನೆಯ ಹೆಂಡತಿಯೂ ಹೋದಳು. 1660ರಲ್ಲಿ ಅರಸೊತ್ತಿಗೆ ಮರಳಿದಾಗ ಆತನ ಪುಸ್ತಕಗಳನ್ನು ಸುಡಲಾಯಿತು. ಕೆಲಕಾಲ ಸೆರೆವಾಸವೂ ಆಯಿತು. ತಲೆ ಉಳಿದದ್ದೇ ಹೆಚ್ಚು.

‘ಪ್ಯಾರಡೈಸ್ ಲಾಸ್ಟ್’ ರೂಪುಗೊಂಡದ್ದು ಇಂಥ ದಿನಗಳಲ್ಲಿ. ಇಂದು ನಾವು ಓದುವ ಹನ್ನೆರಡು ಸರ್ಗಗಳ ಆ ಕಾವ್ಯದಲ್ಲಿ ಆವಾಹನೆ ಮೊದಲ ಪುಟಕ್ಕೇ ಮುಗಿಯುವುದಿಲ್ಲ. ಮೂರು, ಏಳು, ಒಂಬತ್ತನೆಯ ಸರ್ಗಗಳ ಆರಂಭದಲ್ಲೂ ಕವಿ ಕಥೆಯನ್ನು ನಿಲ್ಲಿಸಿ ಆ ಶಕ್ತಿಯತ್ತ ತಿರುಗುತ್ತಾನೆ. ಮೂರನೆಯದರಲ್ಲಿ ಬೆಳಕನ್ನೇ ಉದ್ದೇಶಿಸಿ, ತಾನಿನ್ನು ಕಾಣಲಾರದ ಋತುಗಳನ್ನೂ ಮನುಷ್ಯರ ಮುಖಗಳನ್ನೂ ನೆನೆಯುತ್ತಾನೆ. ಏಳನೆಯದರಲ್ಲಿ ಗ್ರೀಕರ ಖಗೋಳವಿದ್ಯೆಯ ದೇವತೆ ಯುರೇನಿಯಾಳನ್ನು ಕರೆಯುತ್ತಲೇ, ತನಗೆ ಬೇಕಾದುದು ಆ ಹಳೆಯ ದೇವತೆಯಲ್ಲ, ಹೆಸರಿನ ಹಿಂದಿರುವ ದೈವಿಕ ಅರ್ಥ ಎಂದು ಸ್ಪಷ್ಟಪಡಿಸುತ್ತಾನೆ. ಎಲ್ಲವನ್ನೂ ಕಳೆದುಕೊಂಡವನ ಈ ಮೊರೆಯನ್ನು ಬರಿಯ ಸಂಪ್ರದಾಯವೆನ್ನಲು ನನಗೆ ಮನಸ್ಸು ಬರಲಿಲ್ಲ.

ಆ ದೇವತೆ ಬರುತ್ತಿದ್ದುದು ರಾತ್ರಿಯಲ್ಲಿ. ಶರತ್ಕಾಲದಿಂದ ವಸಂತದವರೆಗೆ ಮಾತ್ರ ಕಾವ್ಯ ಸರಾಗವಾಗಿ ಹರಿಯುತ್ತಿತ್ತೆಂದು ಸೋದರಳಿಯ ಎಡ್ವರ್ಡ್ ಫಿಲಿಪ್ಸ್ ದಾಖಲಿಸಿದ್ದಾನೆ. ಇರುಳಲ್ಲಿ ಹೊಳೆದ ಸಾಲುಗಳನ್ನು ನೆನಪಿನಲ್ಲಿ ಹಿಡಿದಿಟ್ಟುಕೊಂಡು ಮಿಲ್ಟನ್ ಬೆಳಗಿನಲ್ಲಿ ಬರೆದುಕೊಳ್ಳುವವರಿಗಾಗಿ ಕಾಯುತ್ತಿದ್ದ. ಅವರು ತಡಮಾಡಿದರೆ, ಹಾಲು ಕರೆಯದೆ ಬಿಟ್ಟ ಹಸುವಿನಂತೆ ತನ್ನನ್ನು ಕರೆಯಬೇಕೆಂದು ಗೊಣಗುತ್ತಿದ್ದನಂತೆ. ಶಿಷ್ಯರು, ಮಿತ್ರರು, ಬಂಧುಗಳು ಬಂದು ಬರೆದುಕೊಂಡರು. ಹೆಣ್ಣುಮಕ್ಕಳು ತಮಗೆ ಅರ್ಥವಾಗದ ಭಾಷೆಗಳ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳಬೇಕಿತ್ತು. ಅವರಲ್ಲಿ ಬೇಸರ ಬಲಿತಿತ್ತು. 1667ರಲ್ಲಿ ಕಾವ್ಯ ಅಚ್ಚಾಯಿತು. ಪ್ರಕಾಶಕ ಮುಂಗಡವಾಗಿ ಕೊಟ್ಟದ್ದು ಐದು ಪೌಂಡ್. 1674ರಲ್ಲಿ ಕವಿ ತೀರಿಕೊಂಡ.

1949ರಲ್ಲಿ ಪ್ರಕಟವಾದ ‘ಶ್ರೀರಾಮಾಯಣ ದರ್ಶನಂ’ನ ಮೊದಲಲ್ಲಿ ಕುವೆಂಪು ವಂದಿಸಿದ ಮಹಾಕವಿಗಳಲ್ಲಿ ಮಿಲ್ಟನ್ನನೂ ಒಬ್ಬ. ನೆರವು ಬೇಡಿದವನೇ ಇನ್ನೊಂದು ಭಾಷೆಯಲ್ಲಿ ಸ್ತುತಿಗೆ ಪಾತ್ರನಾದ. ಆದರೆ ನನ್ನ ಮನಸ್ಸು ಹೋಗುವುದು ನಮ್ಮ ಗದುಗಿನ ಕುಮಾರವ್ಯಾಸನತ್ತ. ಆತ ವೀರನಾರಾಯಣನನ್ನೇ ಕವಿಯೆಂದು ಕರೆದು, ತಾನು ಬರಿಯ ಲಿಪಿಕಾರನೆಂದು ಹೇಳಿಕೊಂಡ. ಮಿಲ್ಟನ್ನನ ಮನೆಯಲ್ಲಿ ನಿಜವಾಗಿಯೇ ಲಿಪಿಕಾರರಿದ್ದರು. ನಾಲ್ಕು ಆವಾಹನೆಗಳಲ್ಲಿ ಒಂದರಲ್ಲೂ ಅವರ ಸುಳಿವಿಲ್ಲ. ದೇವತೆ ಕರೆಯದೆಯೂ ಬರುತ್ತಿದ್ದಳು. ಕಾದು ಕರೆಯಬೇಕಾಗಿದ್ದುದು ಇವರನ್ನೇ. ನನ್ನ ಪತ್ರದ ಕೊನೆಯಲ್ಲಿ ಅಂದು ನಾನೂ ಮಗಳ ಹೆಸರನ್ನು ಬರೆಸಿರಲಿಲ್ಲ.