ಖಾಸಿಂ ರಜ್ವಿ

ಸಯ್ಯದ್ ಮೊಹಮ್ಮದ್ ಖಾಸಿಂ ರಜ್ವಿ (1902–1970) ಹೈದರಾಬಾದ್ ಸಂಸ್ಥಾನದ ವಕೀಲ, ರಾಜಕಾರಣಿ ಮತ್ತು ರಜಾಕಾರರ ಪಡೆಯ ನಾಯಕ. ಯಾವ ಸರ್ಕಾರಿ ಹುದ್ದೆಯನ್ನೂ ಹೊಂದಿರದಿದ್ದರೂ, ನಿಜಾಮ್ ಆಳ್ವಿಕೆಯ ಕೊನೆಯ ದಿನಗಳಲ್ಲಿ ಸಂಸ್ಥಾನದ ನೀತಿಯನ್ನೇ ನಿರ್ದೇಶಿಸುವಷ್ಟು ಪ್ರಬಲನಾಗಿದ್ದನು.

ಅಲಿಗಢದಲ್ಲಿ ಕಾನೂನು ವ್ಯಾಸಂಗ ಮಾಡಿದ ರಜ್ವಿ ಲಾತೂರಿನಲ್ಲಿ ವಕೀಲಿ ವೃತ್ತಿ ನಡೆಸುತ್ತಿದ್ದನು. ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ಜನಪ್ರಿಯ ನಾಯಕ ಬಹಾದ್ದೂರ್ ಯಾರ್ ಜಂಗ್ 1944ರಲ್ಲಿ ಹಠಾತ್ತನೆ ನಿಧನರಾದರು. ಕೆಲಕಾಲ ಮಂದಗಾಮಿಗಳ ಕೈಯಲ್ಲಿದ್ದ ನಾಯಕತ್ವ ಆನಂತರ ರಜ್ವಿಗೆ ಒಲಿಯಿತು.

ರಜಾಕಾರರು

ರಜಾಕಾರ ಎಂದರೆ ಸ್ವಯಂಸೇವಕ. ಹೆಸರಿಗೂ ನಡೆಗೂ ಸಂಬಂಧವಿರಲಿಲ್ಲ. ತೆಲುಗು, ಮರಾಠಿ, ಕನ್ನಡ ಸೀಮೆಗಳ ಹಳ್ಳಿಗಳಲ್ಲಿ ಈ ಪಡೆ ಹಣ ವಸೂಲಿ, ಲೂಟಿ, ಮನೆ ಸುಡುವಿಕೆಗಳಲ್ಲಿ ತೊಡಗಿತು. ಪೊಲೀಸರು ಎಷ್ಟೋ ಕಡೆ ನೋಡುತ್ತ ನಿಂತರು, ಕೆಲವೆಡೆ ಜೊತೆಗೂಡಿದರು. ತೆಲಂಗಾಣದಲ್ಲಿ ಕಮ್ಯುನಿಸ್ಟ್ ರೈತರನ್ನು ಹತ್ತಿಕ್ಕಲು ಜಮೀನುದಾರರಿಗೂ, ಅವರಲ್ಲಿ ಹಿಂದೂಗಳಿಗೂ, ರಜಾಕಾರರ ನೆರವು ಬೇಕಾಗಿತ್ತು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡದ ನೆನಪು ಆ ಭಾಗದಲ್ಲಿ ಇಂದಿಗೂ ಮಾಸಿಲ್ಲ. ಗಡಿ ದಾಟಿದವರು ಮುಂಡರಗಿ, ಗಜೇಂದ್ರಗಡಗಳ ಶಿಬಿರಗಳಿಂದ ಪ್ರತಿರೋಧ ಸಂಘಟಿಸಿದರು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಖಂಡರಾಗಿದ್ದರು.

ರಜಾಕಾರರನ್ನು ವಿರೋಧಿಸಿದ ಮುಸ್ಲಿಮರೂ ಇದ್ದರು. ಭಾರತದೊಡನೆ ವಿಲೀನವನ್ನು ಬೆಂಬಲಿಸಿ ಬರೆದ 'ಇಮ್ರೋಜ್' ಪತ್ರಿಕೆಯ ಯುವ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲೇ ಕೊಲ್ಲಲಾಯಿತು.

ರಜ್ವಿಯ ಪ್ರಭಾವ ಎಷ್ಟಿತ್ತೆಂಬುದು 1947ರ ಅಕ್ಟೋಬರ್ 27ರಂದು ಬಯಲಾಯಿತು. ಯಥಾಸ್ಥಿತಿ ಒಪ್ಪಂದಕ್ಕಾಗಿ ದೆಹಲಿಗೆ ಹೊರಡಬೇಕಿದ್ದ ನಿಯೋಗದ ಸದಸ್ಯರ ಮನೆಗಳನ್ನು ಮುಂಜಾನೆಯೇ ಜನಸಮೂಹ ಸುತ್ತುವರಿಯಿತು. ಪ್ರಯಾಣ ನಿಂತಿತು, ಪ್ರಧಾನಿ ಛತಾರಿ ನವಾಬರು ಅಧಿಕಾರ ತ್ಯಜಿಸಿದರು, ಮಜ್ಲಿಸ್‌ಗೆ ಒಪ್ಪಿಗೆಯಾದ ಮೀರ್ ಲಾಯಕ್ ಅಲಿ ಆ ಸ್ಥಾನಕ್ಕೆ ಬಂದರು. ನವೆಂಬರ್ 29ರಂದು ಸಹಿಯಾದ ಒಪ್ಪಂದ ಹೆಚ್ಚುಕಡಿಮೆ ಮೊದಲಿನದೇ ಆಗಿತ್ತು.

ಪತನ ಮತ್ತು ಕೊನೆಯ ದಿನಗಳು

1948ರ ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆಯೆದುರು ರಜಾಕಾರರು ಐದು ದಿನವೂ ನಿಲ್ಲಲಿಲ್ಲ. ಆ ಬಳಿಕದ ಪ್ರತೀಕಾರಕ್ಕೆ ಬಲಿಯಾದವರು ಬಹುಮಟ್ಟಿಗೆ ನಿರಪರಾಧಿ ಮುಸ್ಲಿಮರು. ಪಂಡಿತ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜಿಸಿತು. ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳೊಡನೆ ಕಲಬುರಗಿ, ಬೀದರ್‌ಗಳೂ ಅತಿ ಹೆಚ್ಚು ಬಾಧಿತವಾಗಿದ್ದವು.

ಬಂಧಿತನಾದ ರಜ್ವಿಗೆ ಬೀಬಿನಗರ ದರೋಡೆ ಪ್ರಕರಣದಲ್ಲಿ ಶಿಕ್ಷೆಯಾಯಿತು. 1957ರಲ್ಲಿ ಬಿಡುಗಡೆಯಾದಾಗ ಮಜ್ಲಿಸ್‌ನ ಹೊಣೆಯನ್ನು ಅಬ್ದುಲ್ ವಾಹಿದ್ ಒವೈಸಿಯವರಿಗೆ ಒಪ್ಪಿಸಿ ಪಾಕಿಸ್ತಾನಕ್ಕೆ ತೆರಳಿದನು. 1970ರ ಜನವರಿಯಲ್ಲಿ ಕರಾಚಿಯಲ್ಲಿ ಮರಣ ಹೊಂದಿದನು.