ಪದಗಳಿಗೆ ದಾರಿ ತೋರಿದ ಕಿಟೆಲ್

ಸಾಫ್ಟ್‌ವೇರ್ ಕೆಲಸಕ್ಕೆ ಹೊಸದಾಗಿ ಸೇರಿದವರು ಒಂದೆರಡು ಹಾಳೆಗಳನ್ನು ಸದಾ ಹತ್ತಿರ ಇಟ್ಟುಕೊಂಡಿರುತ್ತಾರೆ. ಗಿಟ್, ಲಿನಕ್ಸ್, ಎಸ್‌ಕ್ಯೂಎಲ್ ಮುಂತಾದವುಗಳ ಒಂದೊಂದು ಕಮಾಂಡ್, ಅದು ಮಾಡುವ ಕೆಲಸ, ಪಕ್ಕದಲ್ಲೊಂದು ಸಣ್ಣ ಉದಾಹರಣೆ, ಇಷ್ಟೇ ಅದರಲ್ಲಿರುವುದು. ಇದಕ್ಕೆ ಚೀಟ್ ಶೀಟ್ ಎನ್ನುತ್ತೇವೆ. ಹೆಸರು ಕೇಳಿದರೆ ಕಾಪಿ ಚೀಟಿ ಅನಿಸೀತು. ನಿಜವಾಗಿ ಅದು ಕಲಿಯುವವರ ಪುಟ್ಟ ನಿಘಂಟು. ಒಳ್ಳೆಯ ನಿಘಂಟು ಹೇಗಿರಬೇಕು ಎಂಬುದನ್ನು ಕನ್ನಡಿಗರಿಗೆ ತೋರಿಸಿಕೊಟ್ಟವರು ರೆವರೆಂಡ್ ಫರ್ಡಿನಾಂಡ್ ಕಿಟೆಲ್. ಅವರ ಸಾಧನೆಗೆ ನಮ್ಮ ಬಳ್ಳಾರಿಯ ನಂಟೂ ಇದೆ.

ಕಿಟೆಲ್ 1832ರಲ್ಲಿ ಜರ್ಮನಿಯ ಉತ್ತರ ಭಾಗದ ರೆಸ್ಟರ್‌ಹಾಫೆ ಎಂಬಲ್ಲಿ ಹುಟ್ಟಿದರು. ಅದೇ ವರ್ಷ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಅಚ್ಚಾಯಿತು. ರೀವ್ ಅವರು ಬಳ್ಳಾರಿಯಲ್ಲಿದ್ದು ಕೆಲಸ ಮಾಡಿದ ಲಂಡನ್ ಮಿಷನ್ನಿನ ಪಾದ್ರಿ. 1858ರಲ್ಲಿ ಡೇನಿಯಲ್ ಸ್ಯಾಂಡರ್ಸನ್ ಅದನ್ನು ಪರಿಷ್ಕರಿಸಿದರು. ಮುಂದೆ ಕಿಟೆಲ್ ಕಟ್ಟಿದ್ದು ಇವರು ಹಾಕಿದ ಅಡಿಪಾಯದ ಮೇಲೆಯೇ.

ಬಾಸೆಲ್ ಮಿಷನ್ 1853ರಲ್ಲಿ ಕಿಟೆಲ್ ಅವರನ್ನು ಕರ್ನಾಟಕಕ್ಕೆ ಕಳಿಸಿತು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಅವರು ಕೆಲಸ ಮಾಡಿದರು. ಬಂದದ್ದು ಧರ್ಮಪ್ರಚಾರಕ್ಕೆ, ಮನಸ್ಸು ನೆಟ್ಟದ್ದು ಕನ್ನಡದಲ್ಲಿ. ಜನರ ಆಡುಮಾತು, ಗಾದೆಗಳು, ಹಳಗನ್ನಡ ಕಾವ್ಯಗಳು ಎಲ್ಲವನ್ನೂ ಶ್ರದ್ಧೆಯಿಂದ ಕಲಿತರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಪ್ರಕಟಿಸಿದರು. ಹದಿಮೂರನೆಯ ಶತಮಾನದ ಕೇಶಿರಾಜ ಮೊದಲು ಸೂತ್ರ, ಆಮೇಲೆ ವಿವರಣೆ, ಕೊನೆಗೆ ಪ್ರಯೋಗ ಕೊಡುತ್ತಾನೆ. ನಮ್ಮ ಇಂದಿನ ಹಾಳೆಗಳ ಕ್ರಮವೂ ಹೆಚ್ಚುಕಡಿಮೆ ಇದೇ.

ಕಿಟೆಲ್ ಅವರ ನಿಘಂಟಿನ ಕೆಲಸ ಸುಮಾರು ಎರಡು ದಶಕ ನಡೆಯಿತು. ತಾಳೆಗರಿಗಳನ್ನು ಓದಿ, ಕನ್ನಡ ಪಂಡಿತರ ನೆರವು ಪಡೆದು, ಒಂದೊಂದೇ ಪದವನ್ನು ಕೂಡಿಸಿದರು. ಒಮ್ಮೆ ಜರ್ಮನಿಗೆ ಹಿಂದಿರುಗಿದ್ದರೂ ಈ ಕೆಲಸಕ್ಕಾಗಿ ಮತ್ತೆ ಇಲ್ಲಿಗೆ ಬಂದರು. ಕೊನೆಗೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ನಿಘಂಟು ಹೊರಬಂತು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು!

ಗಾತ್ರಕ್ಕಿಂತ ದೊಡ್ಡದು ಅದರ ಶಿಸ್ತು. ಪದ, ಅದರ ಇಂಗ್ಲಿಷ್ ಅರ್ಥ, ಯಾವ ಗ್ರಂಥದಲ್ಲಿ ಅಥವಾ ಯಾವ ಸೀಮೆಯ ಮಾತಿನಲ್ಲಿ ಸಿಕ್ಕಿತು ಎಂಬ ಗುರುತು, ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಸೋದರ ರೂಪ, ಅಲ್ಲಲ್ಲಿ ಗಾದೆ, ಇವೆಲ್ಲ ಅಲ್ಲಿವೆ. ಓದುಗ ಕುರುಡಾಗಿ ನಂಬಬೇಕಿಲ್ಲ. ಮೂಲಕ್ಕೆ ಹೋಗಿ ಪರೀಕ್ಷಿಸಬಹುದು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು; ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ನಿಘಂಟು ಮಾತ್ರ ನಿಲ್ಲಲಿಲ್ಲ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿದರು, ಮದರಾಸು ವಿಶ್ವವಿದ್ಯಾಲಯ ಮತ್ತೆ ಪ್ರಕಟಿಸಿತು. ರೀವ್ ಅವರಿಂದ ಕಿಟೆಲ್ ಅವರಿಗೆ ಬಂದದ್ದು ಹೀಗೆ ಮುಂದಿನವರ ಕೈಗೂ ಹೋಯಿತು.

ತೆಕ್ಕಲಕೋಟೆಯ ನಮ್ಮ ಮಕ್ಕಳಿಗೆ ಈ ಜೀವನದಿಂದ ಏನು ಉಪಯೋಗ? ಕನ್ನಡ ಮಾಧ್ಯಮದಲ್ಲಿ ಓದಿ ಇಂಜಿನಿಯರಿಂಗ್‌ಗೆ ಹೋದ ಮಗುವಿಗೆ ಲೆಕ್ಕ, ತರ್ಕ ಕಷ್ಟವಾಗುವುದಿಲ್ಲ. ಇಂಗ್ಲಿಷ್ ಪದಗಳ ರಾಶಿ ಹೆದರಿಸುತ್ತದೆ. ಎಷ್ಟೋ ಜಾಣ ಮಕ್ಕಳು ಅಲ್ಲಿಯೇ ತಮ್ಮನ್ನು ದಡ್ಡರೆಂದುಕೊಳ್ಳುತ್ತಾರೆ. ಪರದೇಶದಿಂದ ಬಂದವರೊಬ್ಬರು ನಮ್ಮ ಭಾಷೆಯನ್ನು ಪದಪದವಾಗಿ ಕಲಿತು ಬರೆದಿಟ್ಟರು. ಈ ಊರಲ್ಲೇ ಓದಿದ ನಾವು ನಮ್ಮ ಮಕ್ಕಳಿಗಾಗಿ ಅಷ್ಟು ಮಾಡಲಾರೆವೇ?

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ. ನೀವು ಬಲ್ಲ ಒಂದು ವಿಷಯದ ಬಗ್ಗೆ ಒಂದು ಪುಟ ಕನ್ನಡದಲ್ಲಿ ಬರೆದು ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಪದ, ಅರ್ಥ, ಉದಾಹರಣೆ, ಎಲ್ಲಿಂದ ತಿಳಿದಿರಿ ಎಂಬುದು ಅದರಲ್ಲಿರಲಿ. ತಂತ್ರಜ್ಞಾನ ಬೇಗ ಬದಲಾಗುವುದರಿಂದ ಬರೆದ ದಿನಾಂಕವನ್ನೂ ಹಾಕಿ. ಹಳತಾದದ್ದನ್ನು ಮುಂದಿನ ತಂಡದವರು ತಿದ್ದಲಿ.